ಎಣಿಸದೆ ಬಿಟ್ಟ ಮರಿಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಕೊಟ್ಟ ಮೂರು ಗಪ್ಪಿ ಮೀನುಗಳ ಯೋಗಕ್ಷೇಮ ವಿಚಾರಿಸಿದಾಗಲೆಲ್ಲ "ಎಲ್ಲರೂ ಚೆನ್ನಾಗಿದ್ದಾರೆ" ಎಂದು ಹೇಳಿ ಮಾತು ತೇಲಿಸಿಬಿಡುತ್ತಿದ್ದೆ. ನಿನ್ನೊಬ್ಬನಿಗೇ ಬರೆದರೆ ಈ ಸಲವೂ ಹಾಗೆಯೇ ನುಣುಚಿಕೊಳ್ಳುತ್ತೇನೆ ಎನ್ನಿಸಿ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಮರಿಮೀನು ಸಾಕಲು ಹೊರಟ ಬೇರೆಯವರಿಗೂ ಇದು ಉಪಯೋಗಕ್ಕೆ ಬಂದೀತು. ಆ ಮೂರರಲ್ಲಿನ ಗಂಡುಮೀನು, ಅಂದರೆ ನಮ್ಮ ಅಧ್ಯಕ್ಷರು, ಕ್ಷೇಮ. ಅವರ ಬಾಲದ ಕುರಿತು ನಾವು ಮಾಡಿದ್ದ ಠರಾವು ಇನ್ನೂ ಜಾರಿಯಲ್ಲಿದೆ.

ಮೊದಲ ಸೂಲಿನಲ್ಲಿ 26 ಮರಿಗಳಾದವು. ಗಪ್ಪಿ ಮೊಟ್ಟೆಯಿಡುವ ಜಾತಿಯಲ್ಲ, ಈಜುವ ಮರಿಯನ್ನೇ ಹಾಕುತ್ತದೆ, ಮತ್ತು ಹಸಿದಾಗ ಹೆತ್ತವಳೇ ಅದನ್ನು ನುಂಗಿಬಿಡುತ್ತಾಳೆ ಎಂಬುದು ನಿನಗೆ ಗೊತ್ತೇ ಇದೆ. ನನಗೆ ಅದನ್ನು ನೋಡಲಾಗಲಿಲ್ಲ. ಎಲ್ಲವನ್ನೂ ಒಂದೊಂದಾಗಿ ಹಿಡಿದು 40 ಲೀಟರಿನ ಬೇರೆ ತೊಟ್ಟಿಗೆ ಬಿಟ್ಟೆ. ಉಪ್ಪುನೀರಿನಲ್ಲಿ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮೊಟ್ಟೆಗಳನ್ನು ನೆನೆಹಾಕಿ, ಒಂದು ದಿನ ಕಳೆದ ಮೇಲೆ ಒಡೆದು ಬಂದ ಕಿತ್ತಳೆ ಬಣ್ಣದ ಕಿರುಮರಿಗಳನ್ನು ಸೋಸಿ, ದಿನಕ್ಕೆ ನಾಲ್ಕು ಬಾರಿ ಉಣಿಸಿದೆ. ಆ ಪುಟ್ಟ ಹೊಟ್ಟೆಗಳು ಕಿತ್ತಳೆಯಾಗಿ ತುಂಬಿಕೊಳ್ಳುವುದನ್ನು ನೋಡುವ ಸುಖಕ್ಕೆ ಬೆಳಗಿನ ನಿದ್ದೆಯನ್ನೂ ಬಿಟ್ಟೆ. ನಾಲ್ಕು ವಾರಗಳಲ್ಲಿ ಮತ್ತೆ 34, ಅದಾದ ಮೇಲೆ 41. ಅಷ್ಟರಲ್ಲಿ ಅಧ್ಯಕ್ಷರನ್ನು ಬೇರೆ ಇಟ್ಟಾಗಿತ್ತು. ಆದರೆ ಹೆಣ್ಣು ಗಪ್ಪಿಯು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಂಡು ಮರಿ ಹಾಕುತ್ತಲೇ ಇರಬಲ್ಲದು ಎಂಬುದನ್ನು ನಾನು ಅನುಭವದಿಂದಲೇ ಕಲಿಯಬೇಕಾಯಿತು.

ನೀರು ಕನ್ನಡಿಯಂತೆ ತಿಳಿಯಾಗಿತ್ತು, ಅದೇ ನನ್ನನ್ನು ಮೋಸಗೊಳಿಸಿತು. ಮೀನುಗಳ ಕಿವಿರಿನಿಂದಲೂ ಕೊಳೆತ ಆಹಾರದಿಂದಲೂ ಹುಟ್ಟುವ ಅಮೋನಿಯಾಕ್ಕೆ ಬಣ್ಣವಿಲ್ಲ. ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುತ್ತವೆಯಾದರೂ, ಬಾಯಿಗಳು ದಿನದಿನಕ್ಕೆ ಹೆಚ್ಚಿದಂತೆ ಅವುಗಳ ಸಂಖ್ಯೆ ಅದೇ ವೇಗದಲ್ಲಿ ಹೆಚ್ಚುವುದಿಲ್ಲ. ಎರಡೂವರೆ ತಿಂಗಳಾದರೂ ಮೊದಲ ಸೂಲಿನವು ಎರಡನೆಯ ಸೂಲಿನವುಗಳಷ್ಟೇ ಗಾತ್ರದಲ್ಲಿ ಉಳಿದಿದ್ದವು, ಕೆಲವು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದವು. ನೀರಿನಲ್ಲಿ ಅಮೋನಿಯಾ ಇದೆಯೇ ಎಂದು ಪರೀಕ್ಷೆ ಮಾಡಿದಾಗ, ಇಲ್ಲದಿದ್ದರೆ ಹಳದಿಯಾಗಿಯೇ ಇರಬೇಕಿದ್ದ ದ್ರಾವಣ ಹಸಿರಿಗೆ ತಿರುಗಿತು.

ಇಲ್ಲಿಗೆ ನಿಲ್ಲಿಸಬೇಕೆಂದುಕೊಂಡಿದ್ದೆ. ಆದರೆ ಒಂದು ಬೆಳಿಗ್ಗೆ ತಳದಲ್ಲಿ ಐದು ಮರಿಗಳು ಸತ್ತು ಬಿದ್ದಿದ್ದಾಗ, ದುಃಖಕ್ಕಿಂತ ಮೊದಲು ನನ್ನೊಳಗೆ ಹಗುರವಾದದ್ದನ್ನು ನಿನಗೆ ಹೇಳದೆ ಇರಲಾರೆ. ಐದು ಕಡಿಮೆಯಾದವು ಎಂದು ಮನಸ್ಸು ಲೆಕ್ಕ ಹಾಕಿತು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೊಟ್ಟುಬಿಡಬೇಕು ಎಂದು ಆರಿಸುವ ಧೈರ್ಯವಿಲ್ಲದೆ, ಆ ಕೆಲಸವನ್ನು ಕೆಟ್ಟ ನೀರಿಗೆ ಒಪ್ಪಿಸಿ ನಾನು ಕಾಯುತ್ತಿದ್ದೆನೇನೋ. ಅದನ್ನೇ ಇಷ್ಟು ದಿನ ಕರುಣೆ ಎಂದು ಕರೆದುಕೊಂಡಿದ್ದೆ. ಒಂದು ರಾತ್ರಿ, ಎಲ್ಲವನ್ನೂ ಬಕೆಟ್ಟಿಗೆ ಹಾಕಿ ಯಾವುದಾದರೂ ಕೆರೆಗೆ ಬಿಟ್ಟುಬರಲೇ ಎಂದೂ ಯೋಚಿಸಿದ್ದೆ. ದಕ್ಷಿಣ ಅಮೆರಿಕದ ಈ ಮೀನು ಹೀಗೆಯೇ ಎಷ್ಟೋ ದೇಶಗಳ ನೀರಿನಲ್ಲಿ ನೆಲೆಯೂರಿ ಅಲ್ಲಿನ ಸಣ್ಣ ಮೀನುಗಳಿಗೆ ಕಂಟಕವಾಗಿದೆ ಎಂಬುದು ನೆನಪಾಗಿ ಬಕೆಟ್ಟನ್ನು ಕೆಳಗಿಟ್ಟೆ.

ಮಾರನೆಯ ದಿನ ಕುಳಿತು ಎಣಿಸಿದೆ. ಅಡಿಯ ರೆಕ್ಕೆ ಕಡ್ಡಿಯಂತೆ ಚೂಪಾಗುತ್ತಿದ್ದ ಗಂಡುಗಳನ್ನು ಬೇರೆ ಮಾಡಿದೆ. ಈ ಕೆಲಸವನ್ನು ಮರಿಗಳಿಗೆ ಒಂದು ತಿಂಗಳು ತುಂಬುವ ಹೊತ್ತಿಗೇ ಶುರುಮಾಡಬೇಕಿತ್ತು, ಏಕೆಂದರೆ ಮೂರು ತಿಂಗಳೊಳಗೆ ಮರಿಗಳೇ ತಾಯಿಯಾಗಬಲ್ಲವು. ಆಹಾರವನ್ನು ಎರಡು ನಿಮಿಷದಲ್ಲಿ ಮುಗಿಯುವಷ್ಟಕ್ಕೆ ಇಳಿಸಿದೆ. ದಿನ ಬಿಟ್ಟು ದಿನ ಕಾಲುಭಾಗ ನೀರನ್ನು, ಕ್ಲೋರಿನ್ ತೆಗೆದು ಅದೇ ಬಿಸಿಗೆ ತಂದ ಹೊಸ ನೀರಿನಿಂದ ಬದಲಿಸಿದೆ. ಸ್ಪಂಜನ್ನು ಹೊರತೆಗೆದ ತೊಟ್ಟಿಯ ನೀರಿನಲ್ಲೇ ಹಿಂಡಿದೆ, ನಲ್ಲಿ ನೀರಿಗೆ ಹಿಡಿದರೆ ಕ್ಲೋರಿನ್ನಿಗೆ ಸಿಕ್ಕಿ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಸರಿಯಾಗಿ ಸಾಕಬಲ್ಲವರನ್ನು ಹುಡುಕಿ, ಅವರ ತೊಟ್ಟಿಯ ಅಳತೆ ಕೇಳಿಯೇ, 60 ಮರಿಗಳನ್ನು ಕೊಟ್ಟೆ. ಉಳಿದವು ಈಗ ಬೆಳೆಯುತ್ತಿವೆ, ಆದರೆ ಕುಗ್ಗಿಹೋದ ಆ ಮೊದಲಿನವು ತಮ್ಮ ಪೂರ್ಣ ಗಾತ್ರಕ್ಕೆ ಬರುತ್ತವೆಂಬ ಭರವಸೆ ನನಗಿಲ್ಲ.

ಹೊಸ ಸೂಲನ್ನು ಮಾತ್ರ ದೊಡ್ಡವುಗಳ ಜೊತೆಯಲ್ಲೇ, ದಟ್ಟವಾದ ಪಾಚಿಯ ನಡುವೆ ಬಿಟ್ಟಿದ್ದೇನೆ. ಅಡಗಿ ಉಳಿದ ಏಳು ಮರಿಗಳನ್ನು ನಿನ್ನೆ ಎಣಿಸಿದೆ. ಉಳಿಯದೆ ಹೋದವುಗಳ ಸಂಗತಿ ನನಗೆ ಇನ್ನೂ ಕಷ್ಟವೇ.

ಇಷ್ಟೆಲ್ಲ ಹೇಳಬೇಕೆಂದಿರಲಿಲ್ಲ. ನಿನ್ನ ಪಾಲಿಗೆ ಆರು ಮರಿಗಳನ್ನು ಎತ್ತಿಟ್ಟಿದ್ದೇನೆ. ಆರೂ ಗಂಡು, ಎರಡೆರಡು ಸಲ ನೋಡಿದ್ದೇನೆ, ನೆಮ್ಮದಿಯಿಂದ ಬಂದು ತೆಗೆದುಕೊಂಡು ಹೋಗು. ಅವುಗಳಲ್ಲಿ ಒಂದಕ್ಕೆ ಅಧ್ಯಕ್ಷರದೇ ಬಾಲ ಬಂದಿದೆ, ಆದ್ದರಿಂದ ಆ ಠರಾವನ್ನು ನಾವು ಮತ್ತೊಮ್ಮೆ ತೆರೆಯಲೇಬೇಕು.

ನಿನ್ನ,
ಮೂರನೆಯ ಕುರ್ಚಿಯವನು