ಬೆರಳಿನ ಗಾಯಕ್ಕೆ ಯಾವ ಹೊದಿಕೆ?

ಮಾನ್ಯ ಸಂಪಾದಕರೇ,

ಬೋಟುಗಳು ಮತ್ತೆ ಕಡಲಿಗಿಳಿದು, ಘಟ್ಟದ ಮೇಲೆ ಅಡಿಕೆ ಕೊನೆ ಇಳಿಸುವ ದಿನಗಳು ಹತ್ತಿರವಾದಂತೆ ನಮ್ಮ ಜಿಲ್ಲೆಯ ಆಸ್ಪತ್ರೆಗಳ ಡ್ರೆಸ್ಸಿಂಗ್ ಕೋಣೆಗೆ ಬೆರಳು ಹಿಡಿದುಕೊಂಡು ಬರುವವರ ಸಂಖ್ಯೆ ಏರುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆಯವರಿಗೆ ಮೀನಿನ ಮುಳ್ಳು ಅಥವಾ ಬಳಚು ಎಂಬ ಚಿಪ್ಪುಜೀವಿಯ ಚಿಪ್ಪು ತಾಗಿರುತ್ತದೆ. ಶಿರಸಿ, ಸಿದ್ದಾಪುರದವರಿಗೆ ಅಡಿಕೆ ಸುಲಿಯುವ ಕತ್ತಿ. ಈ ಜಿಲ್ಲೆಯಲ್ಲಿ ಮೂವತ್ತು ವರ್ಷ ಶುಶ್ರೂಷಕಿಯಾಗಿದ್ದ ನಾನು ಇಂಥ ಸಾವಿರಾರು ಬೆರಳುಗಳನ್ನು ತೊಳೆದು ಕಟ್ಟಿದ್ದೇನೆ. ಗಾಯ ಚಿಕ್ಕದಿದ್ದರೂ ಅದರ ಮೇಲೆ ಮನೆಯಲ್ಲಿ ಸುತ್ತಿಕೊಂಡು ಬಂದ ವಸ್ತುವಿನಿಂದಲೇ ಬೆರಳಿಗೆ ಅಪಾಯವಾದದ್ದನ್ನು ಹಲವು ಸಲ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಘನಾಶಿನಿ ಅಳಿವೆಯಲ್ಲಿ ಬಳಚು ಆರಿಸುವ ಹೆಂಗಸೊಬ್ಬರು ಒಂದು ಬೆಳಿಗ್ಗೆ ಬಂದಿದ್ದರು. ತೋರುಬೆರಳಿಗೆ ಚಿಪ್ಪು ಕೊಯ್ದಿತ್ತು. ನೀರು ತಾಗಬಾರದೆಂದು ಮಗ ರಬ್ಬರ್ ಗ್ಲೌಸಿನ ಒಂದು ಬೆರಳನ್ನು ಕತ್ತರಿಸಿ ತೊಡಿಸಿ, ಜಾರದಿರಲೆಂದು ಬುಡಕ್ಕೆ ರಬ್ಬರ್ ಬ್ಯಾಂಡನ್ನು ಮೂರು ಸುತ್ತು ಹಾಕಿದ್ದ. ಎರಡು ದಿನ ಹಾಗೆಯೇ ಇತ್ತು. ಸಕ್ಕರೆ ಕಾಯಿಲೆಯಿಂದ ಬೆರಳುಗಳು ಮೊದಲೇ ಜೋಮು ಹಿಡಿದಿದ್ದ ಕಾರಣ ಅವರಿಗೆ ನೋವೇ ತಿಳಿದಿರಲಿಲ್ಲ. ಗ್ಲೌಸಿನ ತುಂಡು ಬಿಚ್ಚಿದಾಗ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಬುಡದಲ್ಲಿ ದಾರ ಬಿಗಿದಂತೆ ಆಳವಾದ ಗೆರೆ ಮೂಡಿತ್ತು. ಬೆರಳು ಉಳಿಯಿತು; ತುದಿಯ ಚರ್ಮ ಮಾತ್ರ ಕಪ್ಪಾಗಿ ಕಳಚಿತು. ಚಿಪ್ಪು ಕೊಯ್ದ ಗಾಯವಾದರೋ ವಾರದೊಳಗೆ ಮಾಯುವಂಥದ್ದಾಗಿತ್ತು.

ಮಗನನ್ನು ದೂರುವಂತಿಲ್ಲ, ಏಕೆಂದರೆ ಆಸ್ಪತ್ರೆಗಳಲ್ಲೂ ಈ ತಪ್ಪು ಆಗುತ್ತದೆ. ಉಗುರು ತೆಗೆಯುವಾಗ ರಕ್ತ ನಿಲ್ಲಿಸಲೆಂದು ಬುಡಕ್ಕೆ ಬಿಗಿದ ರಬ್ಬರ್ ಪಟ್ಟಿಯನ್ನು ಬಿಚ್ಚಲು ಮರೆತು ಮೇಲೆ ಬ್ಯಾಂಡೇಜ್ ಕಟ್ಟಿಬಿಟ್ಟ ಘಟನೆಗಳ ಕಾರಣದಿಂದ ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2009ರಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಬೆರಳಿಗೆ ರಕ್ತ ಒಯ್ಯುವ ನಾಳಗಳು ಅದರ ಎರಡು ಪಕ್ಕಗಳಲ್ಲಿ ಹೋಗುವುದರಿಂದ, ಬುಡದಲ್ಲಿ ಸುತ್ತಲೂ ಬಿಗಿದರೆ ಎರಡೂ ಒಮ್ಮೆಗೇ ಮುಚ್ಚಿಹೋಗುತ್ತವೆ. ಆದ್ದರಿಂದ ಏನನ್ನೇ ತೊಡಿಸಿದರೂ ಉಗುರನ್ನು ಒತ್ತಿ ಬಿಟ್ಟು ನೋಡಬೇಕು. ಬಿಳಿಚಿದ ಬಣ್ಣ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಉಗುರು ಮುಚ್ಚಿಹೋಗಿದ್ದರೆ ಆಗಾಗ ಬಿಚ್ಚಿ ನೋಡುವುದೇ ದಾರಿ.

ಔಷಧ ಅಂಗಡಿಗಳಲ್ಲಿ ಫಿಂಗರ್ ಕಾಟ್ ಎಂದು ಕೇಳಿದರೆ ಸಿಗುವ ಬೆರಳುಗವಸು ಸುರುಳಿ ಸುತ್ತಿದ ತೆಳ್ಳಗಿನ ರಬ್ಬರ್ ಟೋಪಿ. ಬ್ಯಾಂಡೇಜಿನ ಮೇಲೆ ಹಾಕಿಕೊಂಡು ಪಾತ್ರೆ ತೊಳೆಯಲು, ಸ್ನಾನ ಮಾಡಲು ಇದು ಬಹಳ ಅನುಕೂಲ. ಕೆಲಸ ಮುಗಿದ ಕೂಡಲೇ ತೆಗೆಯಬೇಕು. ರಾತ್ರಿಯಿಡೀ ಇಟ್ಟುಕೊಂಡರೆ ಒಳಗೆ ಬೆವರು ನಿಂತು ಚರ್ಮ ಬೆಳ್ಳಗೆ ಮುದುಡಿ ಮೆತ್ತಗಾಗುತ್ತದೆ, ಅಂಥ ಚರ್ಮ ಬೇಗ ಹರಿಯುತ್ತದೆ. ನಮ್ಮ ಮನೆಗಳಲ್ಲಿ ಗಾಯಕ್ಕೂ ಬಿರುಕಿಗೂ ತೆಂಗಿನೆಣ್ಣೆ ಸವರುವ ರೂಢಿಯಿದೆ. ಎಣ್ಣೆ, ವ್ಯಾಸಲೀನ್ ತಾಗಿದರೆ ಲ್ಯಾಟೆಕ್ಸ್ ರಬ್ಬರ್ ಬಲ ಕಳೆದುಕೊಂಡು ಹರಿಯುವುದೆಂಬುದನ್ನು ನೆನಪಿಡಬೇಕು. ಲ್ಯಾಟೆಕ್ಸ್ ಕೆಲವರ ಮೈಗೆ ಒಗ್ಗುವುದೂ ಇಲ್ಲ. ಗ್ಲೌಸ್ ತೊಟ್ಟಾಗ ತುರಿಕೆ, ದದ್ದು ಬರುವವರು, ಬಾಳೆಹಣ್ಣೋ ಬೆಣ್ಣೆಹಣ್ಣೋ ತಿಂದಾಗ ಬಾಯಿ ತುರಿಸುವವರು ನೈಟ್ರೈಲ್ ಎಂಬ ಕೃತಕ ರಬ್ಬರಿನಿಂದ ಮಾಡಿದ್ದನ್ನು ಕೇಳಿ ಪಡೆಯುವುದು ಕ್ಷೇಮ. ಪುಡಿ ಹಾಕಿದ ಗ್ಲೌಸುಗಳಲ್ಲಿ ಆ ಪುಡಿಯೇ ರಬ್ಬರಿನ ಅಂಶವನ್ನು ಗಾಳಿಗೆ ಹರಡುತ್ತದೆ. ಅಮೆರಿಕವು 2017ರಲ್ಲಿ ಅಂಥ ವೈದ್ಯಕೀಯ ಗ್ಲೌಸುಗಳನ್ನು ನಿಷೇಧಿಸಿದ್ದಕ್ಕೆ ಇದೂ ಒಂದು ಕಾರಣ.

ಬೆರಳುಗವಸು ಇದೆಯೆಂದು ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರ ಹುಣ್ಣನ್ನು ಅದರಲ್ಲೇ ತೊಳೆಯುವವರಿದ್ದಾರೆ. ಅದು ತಪ್ಪು. ಮುಲಾಮು ಸವರಲು, ಗುದದ್ವಾರದಲ್ಲಿ ಔಷಧದ ಗುಳಿಗೆ ಇಡಲು ಒಂದು ಬೆರಳಿನ ಹೊದಿಕೆ ಸಾಕು, ಒಮ್ಮೆ ಬಳಸಿ ಎಸೆಯಬೇಕು. ರಕ್ತ, ಕೀವು ಇರುವಲ್ಲಿ ಇಡೀ ಕೈಗೆ ಗ್ಲೌಸ್ ಬೇಕೇ ಬೇಕು. ಈ ಗ್ಲೌಸ್ ಶಸ್ತ್ರಚಿಕಿತ್ಸೆಯ ಕೋಣೆಗೆ ಬಂದ ಬಗೆ ನನ್ನಂಥವರಿಗೆ ಹೆಮ್ಮೆಯದು. 1889ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪಾದರಸದ ಕ್ರಿಮಿನಾಶಕ ದ್ರಾವಣದಿಂದ ಕೈ ಹುಣ್ಣಾಗಿದ್ದ ಶುಶ್ರೂಷಕಿ ಕ್ಯಾರೊಲಿನ್ ಹ್ಯಾಂಪ್ಟನ್ ಅವರಿಗಾಗಿ ಶಸ್ತ್ರವೈದ್ಯ ಹಾಲ್‌ಸ್ಟೆಡ್ ತೆಳು ರಬ್ಬರಿನ ಗ್ಲೌಸ್ ಮಾಡಿಸಿದರು.

ಕೊಳವೆಯಂತೆ ನೇಯ್ದ ಗಾಜ್, ಅಂದರೆ ಗಾಯಕ್ಕೆ ಕಟ್ಟುವ ಜಾಳು ಬಟ್ಟೆ, ಗಾಳಿಯಾಡುವ ಹೊದಿಕೆ. ಅದನ್ನು ಪಂಜರದಂಥ ಪುಟ್ಟ ಸಾಧನದ ಮೇಲೇರಿಸಿ ಬೆರಳಿನ ಬುಡದಿಂದ ತುದಿಗೆ ತಂದು, ಅಲ್ಲಿ ಒಮ್ಮೆ ತಿರುಚಿ, ಮತ್ತೆ ಬುಡಕ್ಕೆ ಒಯ್ಯುತ್ತೇವೆ. ತಿರುಚುವುದು ತುದಿಯಲ್ಲಿ ಮಾತ್ರ. ಬುಡದಲ್ಲಿ ತಿರುಚಿದರೆ ಅದೂ ಹಗ್ಗದಂತೆಯೇ ಬಿಗಿಯುತ್ತದೆ.

ಕ್ರಿಕೆಟ್ ಚೆಂಡು ತಾಗಿ, ಒಮ್ಮೊಮ್ಮೆ ಹಾಸಿಗೆಯ ಚಾದರ ಸಿಕ್ಕಿಸುವಾಗಲೂ, ಬೆರಳಿನ ತುದಿಗೆಣ್ಣು ಜೋತುಬಿದ್ದು ನೆಟ್ಟಗಾಗದಿದ್ದರೆ ಅಲ್ಲಿ ಬೇಕಾದದ್ದು ಬೆರಳನ್ನು ನೆಟ್ಟಗೆ ಹಿಡಿದಿಡುವ ಪ್ಲಾಸ್ಟಿಕ್ಕಿನ ಆಸರೆ, ಅಂದರೆ ಸ್ಪ್ಲಿಂಟ್. ಆರರಿಂದ ಎಂಟು ವಾರ ಹಗಲು ರಾತ್ರಿ ಅದನ್ನು ತೊಟ್ಟಿರಬೇಕು. ತೊಳೆಯಲು ತೆಗೆದಾಗ ಬೆರಳನ್ನು ಮೇಜಿನ ಮೇಲೆ ಚಾಚಿಟ್ಟುಕೊಳ್ಳಬೇಕು, ಏಕೆಂದರೆ ನಡುವೆ ಒಮ್ಮೆ ಮಡಚಿದರೂ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಹತ್ತು ದಿನಕ್ಕೇ ಕಿತ್ತೆಸೆದು ವಕ್ರ ಬೆರಳಿನೊಂದಿಗೆ ಉಳಿದ ಹುಡುಗರನ್ನು ಕಂಡಿದ್ದೇನೆ.

ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸುವುದು ನಮ್ಮ ಹಳೆಯ ಪದ್ಧತಿ. ಬೆರಳು ಎಲ್ಲಿಗೂ ತಾಗದಂತೆ ಅದು ಕಾಯುತ್ತದೆ, ನಿಜ. ಆದರೆ ಉಗುರಿನ ಬದಿಯಲ್ಲಿ ಹಳದಿ ಕೀವು ಕಂಡ ಮೇಲೆ ಅದನ್ನು ಹೊರಗೆ ಬಿಡಿಸಲೇಬೇಕು, ನಿಂಬೆಹಣ್ಣಿನೊಳಗೆ ಮುಚ್ಚಿಟ್ಟು ದಿನ ಕಳೆಯಬಾರದು. ಮೀನಿನ ಮುಳ್ಳು ಚುಚ್ಚಿದ ಗಾಯಕ್ಕೂ ರಬ್ಬರ್ ಹೊದಿಕೆ ಸಲ್ಲದು. ವಿಷಮುಳ್ಳಾದರೆ ತಾಳಿಕೊಳ್ಳುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆಯಾದರೂ ಕೈ ಅದ್ದಿಡಬೇಕು, ಬಿಸಿಯನ್ನು ಮೊದಲು ಇನ್ನೊಂದು ಕೈಯಿಂದ ನೋಡಿಕೊಳ್ಳಬೇಕು. ಆಮೇಲೆ ಸಡಿಲವಾದ ಗಾಜ್ ಸುತ್ತಿ ಆಸ್ಪತ್ರೆಗೆ ಬಂದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು.

ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ನಮ್ಮೆಲ್ಲರ ಕೂಗಿನಲ್ಲಿ ನಾನೂ ಇದ್ದೇನೆ. ಅದು ಆಗುವವರೆಗೆ ಕಾಯಬೇಕಿಲ್ಲದ ಕೆಲಸವೊಂದನ್ನು ಆರೋಗ್ಯ ಇಲಾಖೆ ಈ ಹಂಗಾಮಿನಲ್ಲೇ ಮಾಡಬಹುದು. ಮೀನುಗಾರಿಕೆ ಬಂದರುಗಳಿಗೆ ಮತ್ತು ಅಡಿಕೆ ಬೆಳೆಯುವ ಊರುಗಳಿಗೆ ಹತ್ತಿರವಿರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂರು ಅಳತೆಯ ನೈಟ್ರೈಲ್ ಬೆರಳುಗವಸು, ಕೊಳವೆ ಗಾಜ್ ಮತ್ತು ಬೆರಳಿನ ಸ್ಪ್ಲಿಂಟ್‌ಗಳನ್ನು ಸದಾ ಇರಿಸಲಿ. ಉಗುರು ಒತ್ತಿ ನೋಡುವ ಪರೀಕ್ಷೆಯನ್ನು ಆಶಾ ಕಾರ್ಯಕರ್ತೆಯರು ಸಕ್ಕರೆ ಕಾಯಿಲೆಯವರ ಮನೆಗಳಲ್ಲಿ ಕಲಿಸಲಿ. ಔಷಧ ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೆ: ಬೆರಳುಗವಸು ಕೊಡುವಾಗ, ಮಲಗುವ ಮುನ್ನ ತೆಗೆಯಿರಿ ಎಂದು ಬಾಯಿ ಬಿಟ್ಟು ಹೇಳಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ, ಕುಮಟಾ