ಜೋಸೆಫ್ ಕಿ-ಜೆರ್ಬೊ: ಬಾಯಿಮಾತನ್ನು ಒರೆಗೆ ಹಚ್ಚಿದವರು

ಪ್ರಿಯ ಗೆಳೆಯ,

ಬರಹದ ದಾಖಲೆ ಕಡಿಮೆಯಿರುವ ನಾಡಿನ ಇತಿಹಾಸವನ್ನು ನಂಬುವುದು ಹೇಗೆ ಅಂತ ಕೇಳಿದ್ದೆ. ಆಫ್ರಿಕಾದ ಇತಿಹಾಸಕಾರ ಜೋಸೆಫ್ ಕಿ-ಜೆರ್ಬೊ ಬದುಕಿಡೀ ಉತ್ತರ ಹುಡುಕಿದ್ದು ಈ ಪ್ರಶ್ನೆಗೇ.

1922ರಲ್ಲಿ ಈಗಿನ ಬುರ್ಕಿನಾ ಫಾಸೊದ ತೋಮಾದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಇತಿಹಾಸ ಓದಿದವರು. ಫ್ರೆಂಚ್ ವಸಾಹತುಗಳು ಫ್ರಾನ್ಸಿನ ಜತೆ ಒಕ್ಕೂಟದಲ್ಲಿ ಉಳಿಯಬೇಕೇ ಎಂಬ 1958ರ ಜನಮತಗಣನೆಯಲ್ಲಿ ಗಿನಿ ಮಾತ್ರ ಫ್ರಾನ್ಸಿಗೆ ‘ಒಲ್ಲೆ’ ಅಂದಿತು. ಸಿಟ್ಟಿಗೆದ್ದ ಫ್ರಾನ್ಸ್ ತನ್ನ ಮೇಷ್ಟರನ್ನೆಲ್ಲ ವಾಪಸು ಕರೆಸಿಕೊಂಡಾಗ, ಆ ಖಾಲಿ ಜಾಗ ತುಂಬಲು ಗಿನಿಯ ರಾಜಧಾನಿ ಕೊನಾಕ್ರಿಗೆ ಹೋದವರಲ್ಲಿ ಇವರೂ ಒಬ್ಬರು. 1972ರಲ್ಲಿ ಇಡೀ ಕಪ್ಪು ಆಫ್ರಿಕಾದ ಇತಿಹಾಸ ಬರೆದರು. 1981ರಲ್ಲಿ ಬಂದ ಯುನೆಸ್ಕೊದ ಆಫ್ರಿಕಾ ಇತಿಹಾಸದ ಮೊದಲ ಸಂಪುಟಕ್ಕೆ ಸಂಪಾದಕರಾದರು. ಆ ಸಂಪುಟದ ತಿರುಳೇ ಇತಿಹಾಸ ಕಟ್ಟುವ ವಿಧಾನ.

ನಮ್ಮ ಹೆಳವರಂತೆ ವಂಶಾವಳಿ ನೆನಪಿಟ್ಟು ಹಾಡಿ ಹೇಳುವ ಪಶ್ಚಿಮ ಆಫ್ರಿಕಾದ ಗ್ರಿಯೋ ಒಬ್ಬನಿಂದ ಅರಸರ ಪಟ್ಟಿ ಸಿಕ್ಕಿತು ಅಂದುಕೋ. ತಲೆಗೆ ಇಂತಿಷ್ಟು ವರ್ಷ ಅಂತ ಗುಣಿಸಿದರೆ ಲೆಕ್ಕ ಕೆಡುತ್ತದೆ. ಮೂವರು ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರು ಆಳಿದ್ದನ್ನು ಅಪ್ಪ, ಮಗ, ಮೊಮ್ಮಗ ಅಂತ ಎಣಿಸಿದರೆ, 30 ವರ್ಷದ ಒಂದೇ ತಲೆಮಾರು 90 ವರ್ಷಕ್ಕೆ ಹಿಗ್ಗುತ್ತದೆ. ಪಟ್ಟ ಕಸಿದವರ, ಅಲ್ಪಕಾಲ ಆಳಿದವರ ಹೆಸರು ಬಿಟ್ಟುಹೋಗಿದ್ದರೆ ಕಾಲ ಕುಗ್ಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಹಾಡುವವನು ಅಚ್ಚಾದ ಪುಸ್ತಕದಿಂದ ಕೇಳಿ ತಿಳಿದದ್ದನ್ನೇ ಹಾಡಿಗೆ ಸೇರಿಸಿಕೊಂಡಿರಬಹುದು. ಆಗ ಹಾಡಿಗೆ ಪುಸ್ತಕ ಸಾಕ್ಷಿ, ಪುಸ್ತಕಕ್ಕೆ ಹಾಡು ಸಾಕ್ಷಿ! ಹಾಗಾಗಿ ಹೇಳಿದ್ದನ್ನು ಅವನ ಭಾಷೆಯಲ್ಲೇ ದಾಖಲಿಸಬೇಕು. ಯಾರಿಂದ ಕಲಿತ, ಯಾವ ಮನೆತನದ ಪರವಾಗಿ ಹಾಡುತ್ತಾನೆ ಅಂತ ಬರೆದಿಡಬೇಕು. ಅದೇ ಕಥೆಯನ್ನು ಬೇರೆ ಊರಿನವರು ಹೇಳುವ ರೂಪ, ಅದರಲ್ಲೂ ಸೋತವರ ಕಡೆಯದು, ಬೇಕೇ ಬೇಕು. ಆಮೇಲೆ ಉತ್ಖನನ, ಭಾಷಾಶಾಸ್ತ್ರ, ಅರಬ್ಬಿ ಬರಹಗಳ ಜತೆ ತಾಳೆ ನೋಡಬೇಕು. ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾತಾನನ್ನೇ ತಗೋ: ಹಾಡುಗಳಲ್ಲಿ ಬರುವ ಈ ವೀರ, 14ನೆಯ ಶತಮಾನದ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ ಕೊಡುವ ಅರಸರ ಪಟ್ಟಿಯಲ್ಲಿ ಮಾರಿ ಜಾತಾ ಎಂಬ ಹೆಸರಲ್ಲಿ, 25 ವರ್ಷ ಆಳಿದವನಾಗಿ ಸಿಗುತ್ತಾನೆ.

ರಾಜಕೀಯದಲ್ಲಿ ಅವರಿಗೆ ಗದ್ದುಗೆ ದಕ್ಕಲಿಲ್ಲ. 1978ರಲ್ಲಿ ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. 1983ರಲ್ಲಿ ಕ್ರಾಂತಿಯಿಂದ ಅಧಿಕಾರಕ್ಕೆ ಬಂದ ಅಧ್ಯಕ್ಷ ತೋಮಾ ಸಂಕಾರಾ ಆಡಳಿತದ ಕಾಲದಲ್ಲಿ ದೇಶ ಬಿಟ್ಟು ಸೆನೆಗಲ್‌ನ ಡಕಾರಿನಲ್ಲಿ ನೆಲೆಸಿದರು. ಮನೆಯಲ್ಲಿದ್ದ ಸಾವಿರಾರು ಪುಸ್ತಕಗಳು ಹಾಳಾದವು. ಸಂಕಾರಾನನ್ನು ಮೆಚ್ಚುವವರು ಈ ಸಂಗತಿಯನ್ನು ಮರೆಯಬಾರದು ಅನ್ನುವವನು ನಾನು. 1992ರಲ್ಲಿ ಮರಳಿ ಬಂದು ಮತ್ತೆ ಪಕ್ಷ ಕಟ್ಟಿದರು. 1998ರ ಡಿಸೆಂಬರಿನಲ್ಲಿ ಪತ್ರಕರ್ತ ನೋರ್ಬೆರ್ ಜೋಂಗೊ ಕೊಲೆಯಾದಾಗ, ಎಪ್ಪತ್ತು ದಾಟಿದ್ದ ಈ ಮೇಷ್ಟರು ನ್ಯಾಯಕ್ಕಾಗಿ ಬೀದಿಗಿಳಿದರು. 2006ರಲ್ಲಿ ತೀರಿಕೊಂಡರು. ರಾಜಧಾನಿ ಊಗಡೂಗುವಿನ ವಿಶ್ವವಿದ್ಯಾಲಯಕ್ಕೆ ಈಗ ಅವರದೇ ಹೆಸರು.

ಯುನೆಸ್ಕೊ ಸಂಪುಟ ಇಂಗ್ಲಿಷಿನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲು ಕಿ-ಜೆರ್ಬೊ ಬರೆದ ಪ್ರಸ್ತಾವನೆ ಓದು. ಅಲ್ಲಿಂದ ನೇರ ಏಳು ಮತ್ತು ಎಂಟನೆಯ ಅಧ್ಯಾಯಗಳಿಗೆ ಹೋಗು: ಒಂದರಲ್ಲಿ ಬೆಲ್ಜಿಯಂ ಮೂಲದ ಇತಿಹಾಸಕಾರ ವಾನ್ಸಿನಾ ಮೌಖಿಕ ಪರಂಪರೆಯನ್ನು ಪರೀಕ್ಷಿಸುವ ಬಗೆ ಹೇಳುತ್ತಾರೆ, ಇನ್ನೊಂದರಲ್ಲಿ ಮಾಲಿಯ ಲೇಖಕ ಹಂಪಾತೆ ಬಾ ಆ ಪರಂಪರೆಯ ಒಳಗಿನಿಂದಲೇ ಮಾತಾಡುತ್ತಾರೆ. ಎರಡನ್ನೂ ಜತೆಯಲ್ಲೇ ಓದು, ಬಿಡಿಯಾಗಿ ಬೇಡ.

ನಿನ್ನ ಗೆಳೆಯ