ಗೆಳೆಯನಿಗೊಂದು ಪತ್ರ: ಅಜ್ಜಿಯ ಮಳೆ ಪುಸ್ತಕ

ಗೆಳೆಯಾ,

ನಿನ್ನ ಮೆಸೇಜು ಮೂರು ದಿನ ತಡವಾಗಿ ಸಿಕ್ಕಿತು. ಕಕ್ಕಡದ ಮಳೆ, ಅಂದರೆ ನಮ್ಮ ಕೊಡಗಿನ ಜುಲೈ-ಆಗಸ್ಟಿನ ಜಡಿಮಳೆ. ಕರೆಂಟ್ ಇಲ್ಲ, ಟವರ್ ಇಲ್ಲ. ನಿನ್ನೆ ಮಡಿಕೇರಿಗೆ ಹೋದಾಗ ಹೋಟೆಲಿನಲ್ಲಿ ಫೋನ್ ಚಾರ್ಜಿಗೆ ಹಾಕಿ ಓದಿದೆ. ಪಕ್ಕದ ತೋಟದ ಅಜ್ಜಿ ಮನೆ ಬಿಡಲು ಒಪ್ಪುತ್ತಿಲ್ಲ ಅಂತ ನಾನು ಎರಡು ಪುಟ ಬರೆದಿದ್ದೆ. ನಿನ್ನದು ಒಂದೇ ಸಾಲು: "ಅವರ ಜೀವ, ಅವರ ಇಷ್ಟ. ನಿಂಗ್ಯಾಕೆ ಉಸಾಬರಿ?"

ಕಾಲೇಜಿನಲ್ಲೂ ನೀನು ಹೀಗೇ ಇದ್ದೆ. ಚರ್ಚಾಸ್ಪರ್ಧೆಯಲ್ಲಿ ಕೊನೆಗೆ ಎದ್ದು ಒಂದು ಸಾಲು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಉಳಿದ ಪಾಯಿಂಟುಗಳನ್ನೆಲ್ಲ ನಾನು ಬರೆದುಕೊಡಬೇಕಿತ್ತು. ಈಗಲೂ ಅದೇ ಕೆಲಸ ಅಂದುಕೋ.

ಮೊದಲು ಅಜ್ಜಿಯ ವಿಷಯ. ಅವರ ಮನೆ ಇರುವುದು ಬರೆಯ, ಅಂದರೆ ಕಡಿದಾದ ಗುಡ್ಡದ ಇಳಿಜಾರಿನ, ಬುಡದಲ್ಲಿ. ಮೇಲೆ ಕಾಫಿ, ಕಾಫಿಯ ಮೇಲೆ ಕಾಡು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಮೇಲೆ ಇಂಥ ಮನೆಗಳಿಗೆ ಮಳೆಗಾಲ ಬಂದರೆ ನೋಟಿಸು ಬರುತ್ತದೆ. ಈ ವರ್ಷವೂ ಬಂತು. ಸುರಕ್ಷಿತ ಸ್ಥಳಕ್ಕೆ ತೆರಳಬೇಕು ಅಂತ ಎರಡು ಸಾಲು. ಯಾಕೆ ಅಂತ ಒಂದು ಸಾಲೂ ಇಲ್ಲ. ಅಜ್ಜಿ ಅದನ್ನು ಮಡಚಿ ಮಳೆ ಪುಸ್ತಕದೊಳಗೆ ಇಟ್ಟರು.

ಮಳೆ ಪುಸ್ತಕ ಅಂದರೆ ನಿಜವಾಗಿ ಮಳೆಯದ್ದೇ. ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇದೆ. ದಿನಾ ಬೆಳಿಗ್ಗೆ ನೋಡಿ ಇಂಚಿನ ಲೆಕ್ಕ ಬರೆಯುತ್ತಾರೆ. ಗಂಡ ಶುರು ಮಾಡಿದ್ದು, ಅವರು ಹೋದ ಮೇಲೆ ಇವರು ನಿಲ್ಲಿಸಿಲ್ಲ. ಆ ಗುಡ್ಡದಲ್ಲಿ ಯಾವ ನೀರು ಎಲ್ಲಿಂದ ಬರುತ್ತದೆ ಅಂತ ನೋಟಿಸು ಅಂಟಿಸಿದವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹಾಗಿರುವಾಗ ಅವರನ್ನು ಎಳೆದುಕೊಂಡು ಹೋಗುವ ಅಧಿಕಾರ ಯಾರಿಗಿದೆ? ಇಲ್ಲಿಯವರೆಗೆ ನಾನು ನಿನ್ನ ಪಕ್ಷವೇ.

ನೀನು ಹೇಳಿದ ಆ ಒಂದು ಸಾಲು ಹಳೆಯ ತತ್ವ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರ 'ಆನ್ ಲಿಬರ್ಟಿ'ಯಲ್ಲಿ ಅದನ್ನೇ ಹೇಳಿದ್ದು. ಬೇರೆಯವರಿಗೆ ಕೇಡಾಗುವುದನ್ನು ತಡೆಯಲಿಕ್ಕೆ ಬಿಟ್ಟರೆ, ಒಬ್ಬನ ಮೇಲೆ ಬಲವಂತ ಮಾಡುವ ಹಕ್ಕು ಸಮಾಜಕ್ಕಿಲ್ಲ. ಅವನ ಒಳ್ಳೆಯದಕ್ಕೇ ಅನ್ನುವುದು ನೆಪ ಆಗಬಾರದು. ನೀನು ಅಲ್ಲಿಗೇ ಪುಸ್ತಕ ಮುಚ್ಚಿದೆ ಅನ್ನಿಸುತ್ತದೆ. ಕೊನೆಯ ಅಧ್ಯಾಯದಲ್ಲಿ ಒಂದು ಸೇತುವೆ ಬರುತ್ತದೆ, ನೆನಪಿದೆಯಾ? ಮುರಿದು ಬೀಳುವ ಸೇತುವೆ ಮೇಲೆ ಒಬ್ಬ ಕಾಲಿಡುತ್ತಿದ್ದಾನೆ, ಎಚ್ಚರಿಸಲು ಸಮಯವಿಲ್ಲ. ಆಗ ಅವನನ್ನು ಹಿಡಿದು ಎಳೆಯಬಹುದು ಅಂತ ಮಿಲ್ ಹೇಳುತ್ತಾನೆ. ಯಾಕೆಂದರೆ ಅವನಿಗೆ ಹೊಳೆಗೆ ಬೀಳುವ ಆಸೆ ಇಲ್ಲ. ಆದರೆ ಅಪಾಯ ಖಚಿತವಲ್ಲ, ಆಗಬಹುದು ಅಷ್ಟೇ ಅಂತಾದರೆ? ಆಗ ಎಚ್ಚರಿಸಬೇಕು, ಬಲವಂತ ಮಾಡಬಾರದು. ದಾಟಬೇಕೋ ಬೇಡವೋ ಅವನೇ ನಿರ್ಧರಿಸಲಿ.

ಬರೆಯ ಅಪಾಯ ಈ ಎರಡನೆಯ ಜಾತಿಯದು. ಜರಿಯಬಹುದು, ಜರಿಯದೆಯೂ ಇರಬಹುದು. ತೊಂದರೆ ಏನೆಂದರೆ ಅಜ್ಜಿಯ ಲೆಕ್ಕವೆಲ್ಲ ಹಿಂದಿನ ಮಳೆಯದು. 2018ರಲ್ಲಿ ನಡೆದದ್ದು ಯಾವ ಹಳೆಯ ಪುಟದಲ್ಲೂ ಇರಲಿಲ್ಲ. ಸೇತುವೆ ಮುರಿದಿದೆ ಅಂತ ಗೊತ್ತಿದ್ದೂ ದಾಟುವುದು ಬೇರೆ, ನಲವತ್ತು ವರ್ಷದಿಂದ ದಾಟುತ್ತಿದ್ದೇನೆ ಅಂತ ದಾಟುವುದು ಬೇರೆ, ಅಲ್ವಾ?

ಇನ್ನೊಂದು ಮಾತು. ಅವರು ಒಳಗೆ ಸಿಕ್ಕಿಹಾಕಿಕೊಂಡರೆ ಹಗ್ಗ ಹಿಡಿದು ಹೋಗಬೇಕಾದವರು ಊರಿನ ಹುಡುಗರು. ಆಗ "ಅವರ ಜೀವ" ಅಷ್ಟೇ ಲೆಕ್ಕವಲ್ಲ. ಇದನ್ನು ನೀನು ಬೆಂಗಳೂರಿನ ಐದನೇ ಮಹಡಿಯಲ್ಲಿ ಕೂತು ಮರೆತಿದ್ದೀಯ.

ಮಿಲ್ ಬಗ್ಗೆ ನನಗೆ ಒಂದು ಸಿಟ್ಟೂ ಇದೆ, ಹೇಳಿಬಿಡುತ್ತೇನೆ. ಈ ಮನುಷ್ಯ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರ. ಇಂಡಿಯಾಕ್ಕೆ ಬರುವ ಪತ್ರಗಳ ಕರಡು ಬರೆಯುವುದು ಕೆಲಸ. 1834ರಲ್ಲಿ ಕೊಡಗು ಕಂಪನಿಯ ಕೈಗೆ ಹೋದಾಗ ಇವನೂ ಇವನ ಅಪ್ಪನೂ ಅದೇ ಕಚೇರಿಯಲ್ಲಿದ್ದರು. ಕಂಪನಿಯ ಅಧಿಕಾರಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ ಕೊಡಗಿನ ಜನರೆಲ್ಲ ಒಮ್ಮತದಿಂದ ಕಂಪನಿಯ ಆಳ್ವಿಕೆ ಬಯಸಿದ್ದಾರೆ ಅಂತ ಇದೆ. ಎಲ್ಲರೂ, ಒಬ್ಬರೂ ಬಿಡದೆ! ಪಟ್ಟದಿಂದ ಕೆಳಗಿಳಿಸಿದ ಕೊಡಗಿನ ರಾಜ ಚಿಕ್ಕವೀರರಾಜ ತನ್ನ ಹಣ ಕೇಳಿಕೊಂಡು 1852ರಲ್ಲಿ ಇಂಗ್ಲೆಂಡಿಗೆ ಹೋದ. ಸತ್ತದ್ದೂ ಲಂಡನ್ನಿನಲ್ಲೇ, 1859ರಲ್ಲಿ. ಸ್ವಾತಂತ್ರ್ಯದ ಪುಸ್ತಕ ಅದೇ ಊರಿನಲ್ಲಿ ಅಚ್ಚಾದ ವರ್ಷ. ರಾಜ ಸಾಧುವೇನಲ್ಲ, ಅವನ ಕ್ರೌರ್ಯದ ಕಥೆಗಳನ್ನು ನಮ್ಮ ಅಜ್ಜಂದಿರೇ ಹೇಳಿದ್ದಾರೆ. ನನ್ನ ಸಿಟ್ಟು ಬೇರೆಯದಕ್ಕೆ. ಈ ತತ್ವ ಮಕ್ಕಳಿಗೂ, ಹಿಂದುಳಿದ ಸಮಾಜಗಳಿಗೂ ಅನ್ವಯಿಸಲ್ಲ ಅಂತ ಮಿಲ್ ಮೊದಲ ಅಧ್ಯಾಯದಲ್ಲೇ ಬರೆದ. ಅಂದರೆ ನಮ್ಮನ್ನು ಮಕ್ಕಳ ಸಾಲಿನಲ್ಲಿ ಕೂರಿಸಿದ.

ನೋಟಿಸು ನೋಡಿದಾಗ ನನಗೆ ನೆನಪಾದದ್ದು ಅದೇ. ಕಾರಣ ಹೇಳದೆ ಹೊರಡು ಅನ್ನುವುದು ಮಕ್ಕಳಿಗೆ ಹೇಳುವ ರೀತಿ.

ತತ್ವಜ್ಞಾನಿ ಐಸೇಯಾ ಬರ್ಲಿನ್ 1958ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಭಾಷಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನನ್ನ ದಾರಿಗೆ ಯಾರೂ ಅಡ್ಡ ಬರದಿರುವುದು ಒಂದು ಬಗೆಯ ಸ್ವಾತಂತ್ರ್ಯ. ನನಗೆ ನಾನೇ ಯಜಮಾನ ಆಗುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಒಂದು ಗುಂಡಿ ಇದೆ ಅಂತ ಬರ್ಲಿನ್ ಎಚ್ಚರಿಸುತ್ತಾನೆ. "ನಿನಗೆ ನಿಜವಾಗಿ ಬೇಕಿರುವುದು ಇದು, ನಿನಗೆ ಗೊತ್ತಿಲ್ಲ ಅಷ್ಟೇ" ಅಂತ ಯಾರೋ ನಮ್ಮ ಪರವಾಗಿ ಹೇಳಲು ಶುರು ಮಾಡುತ್ತಾರೆ. ಫ್ರೇಸರ್ ಹೇಳಿದ್ದು ಹೆಚ್ಚು ಕಡಿಮೆ ಅದೇ. ಅಜ್ಜಿಯ ಮಕ್ಕಳೂ ಫೋನಿನಲ್ಲಿ ಅದನ್ನೇ ಹೇಳಿದರು. ಮಿಲ್‌ನ ಸೇತುವೆಯೂ ಆ ಗುಂಡಿಯ ಅಂಚಿನಲ್ಲೇ ಇದೆ ಅಂತ ನನ್ನ ಅನುಮಾನ.

ಮಕ್ಕಳ ಮಾತು ಬಂತಲ್ಲ. ಅಜ್ಜಿಯನ್ನು ಜಾಸ್ತಿ ನೋಯಿಸಿದ್ದು ನೋಟಿಸಲ್ಲ, ನಂಟರು. "ಹಠಮಾರಿ", "ಮಕ್ಕಳ ಮರ್ಯಾದೆ ತೆಗೀತಾಳೆ." ಸರ್ಕಾರದ ದಬ್ಬಾಳಿಕೆಗಿಂತ ಸಮಾಜದ್ದು ಆಳ, ಅದರಿಂದ ತಪ್ಪಿಸಿಕೊಳ್ಳುವ ದಾರಿ ಕಡಿಮೆ ಅಂತ ಮಿಲ್ ಬರೆದದ್ದು ಇಲ್ಲಿ ನೂರಕ್ಕೆ ನೂರು ಸರಿ. ನಮ್ಮ ಜಿಲ್ಲೆಯಲ್ಲಿ ಒಂಟಿ ಮನುಷ್ಯ ಅನ್ನುವುದೇ ಹೊಸದು. ಒಕ್ಕ (ಒಂದೇ ಮೂಲದ ಕುಟುಂಬ), ಐನ್‌ಮನೆ (ಅದರ ಮೂಲಮನೆ), ಜಮ್ಮಾ ಜಮೀನು (ವಂಶಪಾರಂಪರ್ಯದ ಹಿಡುವಳಿ) ಎಲ್ಲವೂ ಕೂಡಿ ಬಾಳುವ ಲೆಕ್ಕ. ಕೋವಿಗೆ ಲೈಸೆನ್ಸ್ ಬೇಡ ಅನ್ನುವ ಸವಲತ್ತು ಕೂಡ ಕೊಡವನಾಗಿ ಹುಟ್ಟಿದ್ದಕ್ಕೆ ಅಥವಾ ಜಮ್ಮಾ ಹಿಡುವಳಿ ಇದ್ದದ್ದಕ್ಕೆ ಸಿಗುವುದು. ಹೈಕೋರ್ಟು ಅದನ್ನು 2021ರಲ್ಲಿ ಎತ್ತಿಹಿಡಿಯಿತು. ಇದನ್ನೆಲ್ಲ ನಾನು ಹಳಿಯುತ್ತಿಲ್ಲ. 2018ರಲ್ಲಿ ಮನೆ ಕಳೆದುಕೊಂಡವರಿಗೆ ಮೊದಲು ಬಾಗಿಲು ತೆರೆದವರಲ್ಲಿ ನಂಟರೂ ನೆರೆಯವರೂ ಇದ್ದರು. ಆದರೂ 1948ರ ನವೆಂಬರ್ 4ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಹೇಳಿದ ಮಾತು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ಇಟ್ಟುಕೊಂಡಿದ್ದು ತನಗೆ ಸಂತೋಷ ಅಂದರು. ಹಳ್ಳಿಯ ಕೂಡುಬಾಳು ಯಾರನ್ನು ಅಂಗಳದಾಚೆ ನಿಲ್ಲಿಸಿತ್ತು ಅಂತ ಅವರಿಗೆ ಗೊತ್ತಿತ್ತು.

ಈಗ ನಿನಗೆ ಒಂದು ಪ್ರಶ್ನೆ. ನಮ್ಮ ಲೈನ್‌ಮನೆಗಳಲ್ಲಿ, ಅಂದರೆ ತೋಟದ ಕೆಲಸದವರಿಗೆ ಕೊಡುವ ಸಾಲುಮನೆಗಳಲ್ಲಿ, ಇರುವವರಿಗೆ "ಅವರ ಇಷ್ಟ" ಅಂದರೆ ಏನು? ಕೆಲಸ ಬಿಟ್ಟರೆ ಮನೆ ಹೋಯಿತು. ಬಾಗಿಲಿಗೆ ಯಾರೂ ಬೀಗ ಹಾಕಿಲ್ಲ, ಹೊರಗೆ ಬಂದರೆ ನಿಲ್ಲಲು ಜಾಗ ಇಲ್ಲ. ನಮ್ಮದೇ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವರಲ್ಲಿ ಹಲವರು ಹಾಗೆ ಲೈನ್‌ಮನೆ ಬಿಟ್ಟು ಬಂದ ಆದಿವಾಸಿಗಳು. 2016ರ ಡಿಸೆಂಬರಿನಲ್ಲಿ ಆ ಗುಡಿಸಲುಗಳನ್ನು ಕೆಡವಿದರು. ಅಜ್ಜಿ ಇಲ್ಲ ಅನ್ನಬಲ್ಲರು, ಅವರ ಹತ್ತಿರ ಹಕ್ಕುಪತ್ರ ಇದೆ. ಇಲ್ಲ ಅನ್ನಲಿಕ್ಕೂ ಕಾಲ ಕೆಳಗೆ ಒಂದಿಷ್ಟು ನೆಲ ಬೇಕು ಮಾರಾಯಾ.

ಸರಿ, ಕಥೆ ಮುಗಿಸುತ್ತೇನೆ. ಹೋದ ಶನಿವಾರ ಮಳೆ ಸ್ವಲ್ಪ ಬಿಟ್ಟಿತ್ತು. ಅಜ್ಜಿಯನ್ನು ಕರೆದುಕೊಂಡು ಮನೆಯ ಮೇಲಿನ ಕಾಫಿಗೆ ಹತ್ತಿದೆ. ಅವರು ಈ ವರ್ಷ ಅಲ್ಲಿಗೆ ಹೋಗಿರಲಿಲ್ಲ, ಮೊಣಕಾಲು ನೋವು. ಸಿಲ್ವರ್ ಓಕ್ ಮರಗಳ ಸಾಲಿನ ಹಿಂದೆ ನೆಲ ಬಿರುಕು ಬಿಟ್ಟಿತ್ತು. ಉದ್ದಕ್ಕೆ, ಅಂಗೈ ಅಗಲ. ಅವರು ಊರುಗೋಲನ್ನು ಅದರೊಳಗೆ ಇಳಿಸಿ ನೋಡಿದರು. ಅರ್ಧ ಕೋಲು ಒಳಗೆ ಹೋಯಿತು. ನಾನು ಒಂದು ಮಾತೂ ಆಡಲಿಲ್ಲ. ಆಡಲು ಎಷ್ಟು ಆಸೆ ಇತ್ತು ಅಂತ ನಿನಗೆ ಗೊತ್ತೇ ಇದೆ.

ಇಳಿದು ಬಂದು ಕಾಫಿ ಕೊಟ್ಟರು. ಆಮೇಲೆ ಷರತ್ತು ಹಾಕಿದರು. ಬಿರುಕು ಮುಚ್ಚುವವರೆಗೆ ರಾತ್ರಿ ನಮ್ಮ ಮನೆಯಲ್ಲಿ ಮಲಗುತ್ತಾರೆ. ಹಗಲು ಅವರ ಮನೆ, ಅವರ ಒಲೆ. ತಮ್ಮ ಡಬ್ಬಿಯಲ್ಲಿ ಐದು ಇಂಚು ದಾಟಿದ ದಿನ ಹಗಲೂ ಹೋಗುವುದಿಲ್ಲ. ಅಳೆಯುವುದು ಅವರೇ. ಕೋಳಿಗಳು ಜೊತೆಗೇ ಬರುತ್ತವೆ. ಮಕ್ಕಳಿಗೆ ನಾನು ಫೋನ್ ಮಾಡಬಾರದು, ಅವರೇ ಹೇಳುತ್ತಾರೆ.

ಹನ್ನೊಂದು ಕೋಳಿ ಈಗ ನಮ್ಮ ಸೌದೆ ಕೊಟ್ಟಿಗೆಯಲ್ಲಿವೆ. ನನ್ನ ಹೆಂಡತಿ ಖುಷಿಯಾಗೇನೂ ಇಲ್ಲ. ಇವತ್ತು ಬೆಳಿಗ್ಗೆ ನಾಲ್ಕೂಕಾಲು ಇಂಚು. ಅಜ್ಜಿ ಬರೆದಿಟ್ಟು, ಕೊಡೆ ಬಿಡಿಸಿಕೊಂಡು ಹೊರಟರು.

ಹುತ್ತರಿ ಹಬ್ಬಕ್ಕೆ ಬರುತ್ತೇನೆ ಅಂದಿದ್ದೀಯ, ಬಾ. ಬರುವಾಗ ನನ್ನ ಮಿಲ್ ಪುಸ್ತಕ ತಗೊಂಡು ಬಾ. ಕಾಲೇಜು ಮುಗಿದಾಗಿನಿಂದ ನಿನ್ನ ಹತ್ತಿರವೇ ಇದೆ. ಕೊನೆಯ ಅಧ್ಯಾಯದ ಹಾಳೆಗಳು ಇನ್ನೂ ಹೊಸದಾಗೇ ಇರಬೇಕು.

ನಿನ್ನವನೇ,
ಉಸಾಬರಿ ಮಾಡುವವ